ಗ್ಲೌಸ್ ಕಾಪಾಡಿದ್ದು ಯಾರನ್ನು?

ಇಂದಿನ ಬಾಕ್ಸಿಂಗ್ ಗ್ಲೌಸ್ ಹುಟ್ಟಿದ್ದು ಕಾದಾಟದ ಕಣದಲ್ಲಲ್ಲ, ಪಾಠದ ಕೋಣೆಯಲ್ಲಿ. 18ನೇ ಶತಮಾನದ ಲಂಡನ್‌ನಲ್ಲಿ ಜ್ಯಾಕ್ ಬ್ರೌಟನ್ ಎಂಬ ಹೆಸರಾಂತ ಮುಷ್ಟಿಮಲ್ಲನಿದ್ದ. ಬಿದ್ದವನಿಗೆ ಹೊಡೆಯಬಾರದು, ಸೊಂಟದ ಕೆಳಗೆ ಹಿಡಿಯಬಾರದು ಎಂಬ ನಿಯಮಗಳನ್ನು 1743ರಲ್ಲಿ ಬರೆದವನು ಅವನೇ. ಅವನ ಬಳಿ ಮುಷ್ಟಿಯುದ್ಧ ಕಲಿಯಲು ಸಿರಿವಂತರ ಮಕ್ಕಳು ಬರುತ್ತಿದ್ದರು. ವಿದ್ಯೆ ಬೇಕಿತ್ತು, ಊದಿದ ಕಣ್ಣು, ಮುರಿದ ಮೂಗು ಹೊತ್ತು ಮನೆಗೆ ಹೋಗುವುದು ಬೇಕಿರಲಿಲ್ಲ. ಅವರಿಗಾಗಿ ಒಳಗೆ ಮೆತ್ತೆ ತುಂಬಿದ ಕೈಗವಸು ಹೊಲಿಸಿ, 1747ರಲ್ಲಿ ಪತ್ರಿಕೆಯಲ್ಲಿ ಜಾಹೀರಾತನ್ನೂ ಕೊಟ್ಟ. ಪಂದ್ಯದ ದಿನ ಮಾತ್ರ ಅವು ಮೂಲೆ ಸೇರುತ್ತಿದ್ದವು. ದುಡ್ಡಿಗಾಗಿ ಹೊಡೆದಾಡುವವನ ಮುಖದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ.

ಗ್ಲೌಸ್ ಕಣಕ್ಕಿಳಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1867ರಲ್ಲಿ ಜಾನ್ ಗ್ರಹಾಂ ಚೇಂಬರ್ಸ್ ಹೊಸ ನಿಯಮಾವಳಿ ಬರೆದ. ಹೆಸರು ಮಾತ್ರ ಅದಕ್ಕೆ ಬೆಂಬಲವಾಗಿ ನಿಂತ ಕ್ವೀನ್ಸ್‌ಬರಿಯ ಶ್ರೀಮಂತನದು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಕೈಗೆ ಒಳ್ಳೆಯ ಗ್ಲೌಸ್. ಆದರೂ ಬರಿಗೈ ಕಾಳಗ ಕೂಡಲೇ ನಿಲ್ಲಲಿಲ್ಲ. 1889ರ ಜುಲೈನಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಜಾನ್ ಎಲ್. ಸುಲಿವನ್ ಮತ್ತು ಜೇಕ್ ಕಿಲ್‌ರೇನ್ 75 ಸುತ್ತು ಬರಿಗೈಯಲ್ಲೇ ಬಡಿದಾಡಿದರು. ಮೂರು ವರ್ಷದ ನಂತರ ಅದೇ ಸುಲಿವನ್ ಗ್ಲೌಸ್ ತೊಟ್ಟು ಜೇಮ್ಸ್ ಕಾರ್ಬೆಟ್‌ಗೆ ಸೋತ ಮೇಲೆ ಹಳೆಯ ಪದ್ಧತಿಯ ಕಾಲ ಮುಗಿಯಿತು.

ಗ್ಲೌಸ್ ಬಂದು ಹೊಡೆದಾಟ ಸೌಮ್ಯವಾಯಿತೆಂದು ನಂಬುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಮನುಷ್ಯನ ಒಂದು ಕೈಯಲ್ಲಿ 27 ಸಣ್ಣ ಮೂಳೆಗಳಿವೆ, ಹಣೆಯ ಮೂಳೆಯೋ ಗಟ್ಟಿ. ಬರಿಗೈಯಲ್ಲಿ ತಲೆಗೆ ಗುದ್ದಿದವನ ಕೈಯೇ ಮುರಿಯುವ ಅಪಾಯವಿದ್ದುದರಿಂದ ಹಳಬರು ಹೊಟ್ಟೆ, ಪಕ್ಕೆಗಳನ್ನೇ ಹೆಚ್ಚಾಗಿ ಹುಡುಕುತ್ತಿದ್ದರು. ಬ್ಯಾಂಡೇಜ್ ಪಟ್ಟಿ ಬಿಗಿದು ಗ್ಲೌಸ್ ತೊಟ್ಟ ಮೇಲೆ ಆ ಅಳುಕು ಹೋಯಿತು, ತಲೆಯೇ ಗುರಿಯಾಯಿತು. ಕಾಪಾಡಿದ್ದು ಹೊಡೆಯುವವನ ಕೈಯನ್ನು.

ಇದಕ್ಕೆ ಪೂರ್ತಿ ತದ್ವಿರುದ್ಧವಾದದ್ದು ನಮ್ಮ ಮೈಸೂರಿನಲ್ಲಿದೆ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯುಳ್ಳ ಆಯುಧ ಸಿಕ್ಕಿಸಿಕೊಂಡು ಎದುರುಬದುರಾಗುತ್ತಾರೆ. ಮೈಮೇಲೆ ರಕ್ಷಣೆಯ ಒಂದು ಎಳೆಯೂ ಇಲ್ಲ. ಆದರೆ ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಜಿನುಗಿದೊಡನೆ ಕಾಳಗ ಮುಗಿಯಿತು! ಎಷ್ಟೋ ಸಲ ಅದು ನಿಮಿಷವೂ ಹಿಡಿಯುವುದಿಲ್ಲ. ಅಲ್ಲಿ ರಕ್ಷೆ ಇರುವುದು ನಿಯಮದಲ್ಲಿ.

ಉಳಿದ ಸರಂಜಾಮುಗಳ ಕತೆ ಚಿಕ್ಕದು. ಮೌತ್‌ಗಾರ್ಡ್ ಲಂಡನ್‌ನ ದಂತವೈದ್ಯ ವುಲ್ಫ್ ಕ್ರೌಸ್ 1890ರ ಸುಮಾರಿಗೆ ಮರದ ಅಂಟಿನಿಂದ ಮಾಡಿದ ಪಟ್ಟಿಯಿಂದ ಶುರುವಾಯಿತು. ಬಾಕ್ಸರ್ ಟೆಡ್ 'ಕಿಡ್' ಲೂಯಿಸ್ ಅದನ್ನು ಬಾಯಲ್ಲಿಟ್ಟುಕೊಂಡು ಆಡಿದಾಗ ಎದುರಾಳಿಯ ಕಡೆಯವರು ಮೋಸವೆಂದು ತಕರಾರು ತೆಗೆದಿದ್ದರು. 1930ರಲ್ಲಿ ಸೊಂಟದ ಕೆಳಗೆ ಏಟು ತಿಂದ ಮ್ಯಾಕ್ಸ್ ಶ್ಮೆಲಿಂಗ್‌ಗೆ, ಎದುರಾಳಿ ಅನರ್ಹನಾದ್ದರಿಂದ, ಕೆಳಗೆ ಕೂತಲ್ಲೇ ಹೆವಿವೇಟ್ ವಿಶ್ವಪಟ್ಟ ದಕ್ಕಿತು. ಅಂಥ ತೀರ್ಪುಗಳ ರಗಳೆ ತಪ್ಪಿಸಲು ತೊಡೆಸಂದಿನ ಗಾರ್ಡ್ ಬಳಕೆಗೆ ಬಂತು.

ಸರಂಜಾಮನ್ನೇ ನಂಬಿ ಕೂತರೆ ಏನಾಗುತ್ತದೆ ಎನ್ನುವುದಕ್ಕೆ 1983ರ ಜೂನ್ 16ರ ರಾತ್ರಿ ಸಾಕ್ಷಿ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅದುವರೆಗೆ ಸೋಲರಿಯದ ಬಿಲ್ಲಿ ಕಾಲಿನ್ಸ್‌ನನ್ನು ಲೂಯಿಸ್ ರೆಸ್ಟೊ ಹತ್ತು ಸುತ್ತು ಜಜ್ಜಿದ. ಕಾಲಿನ್ಸ್‌ನ ಮುಖ ಗುರುತು ಸಿಗದಷ್ಟು ಊದಿತ್ತು. ಪಂದ್ಯ ಮುಗಿದು ಕೈಕುಲುಕಲು ಬಂದ ರೆಸ್ಟೊನ ಗ್ಲೌಸ್ ಮುಟ್ಟಿದ ಕಾಲಿನ್ಸ್‌ನ ತಂದೆಗೆ ಒಳಗೆ ಮೆತ್ತೆಯೇ ಇಲ್ಲದಂತೆ ತೋರಿತು. ಪರೀಕ್ಷಿಸಿದಾಗ ಸುಮಾರು ಒಂದು ಔನ್ಸ್ ಮೆತ್ತೆ ತೆಗೆದುಹಾಕಿದ್ದು ಬಯಲಾಯಿತು. ರೆಸ್ಟೊ ಮತ್ತು ಅವನ ಕೋಚ್ ಪನಾಮ ಲೂಯಿಸ್ ಜೈಲು ಸೇರಿದರು. ಕೈಗೆ ಸುತ್ತಿದ ಪಟ್ಟಿಯನ್ನು ಪ್ಲಾಸ್ಟರಿನಲ್ಲಿ ಅದ್ದಿದ್ದರೆಂದು ರೆಸ್ಟೊ ಬಾಯಿಬಿಟ್ಟದ್ದು ಎಷ್ಟೋ ವರ್ಷದ ಮೇಲೆ. ಕಣ್ಣಿನ ಪಾಪೆಯ ಸುತ್ತಲಿನ ಪೊರೆ (ಐರಿಸ್) ಹರಿದಿದ್ದ ಕಾಲಿನ್ಸ್ ಮತ್ತೆ ರಿಂಗಿಗೆ ಇಳಿಯಲೇ ಇಲ್ಲ. ಮರುವರ್ಷ ಕಾರು ಅಪಘಾತದಲ್ಲಿ ತೀರಿಕೊಂಡ.

ಹೆಡ್‌ಗಾರ್ಡ್‌ನದು ಇನ್ನೂ ವಿಚಿತ್ರ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅದು ಕಡ್ಡಾಯವಾಯಿತು. 2008ರಲ್ಲಿ ವಿಜೇಂದರ್ ಸಿಂಗ್ ಕಂಚು ಗೆದ್ದದ್ದು ಅದನ್ನು ತೊಟ್ಟೇ. 2013ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಹಿರಿಯ ಪುರುಷರ ತಲೆಯಿಂದ ಅದನ್ನು ಇಳಿಸಿತು. 2016ರ ರಿಯೊದಲ್ಲಿ ಬರಿದಲೆಯ ಕಾದಾಟ. ತಲೆ ದಪ್ಪವಾಗಿ ಏಟಿಗೆ ಸುಲಭವಾಗಿ ಸಿಗುತ್ತದೆ, ಪಕ್ಕದಿಂದ ಬರುವ ಗುದ್ದು ಕಾಣುವುದಿಲ್ಲ, ಕಾಪು ಇದೆಯೆಂದು ಆಟಗಾರ ತಲೆಯೊಡ್ಡುತ್ತಾನೆ ಎನ್ನುವುದು ವಾದ. ಹೆಡ್‌ಗಾರ್ಡ್ ಚರ್ಮ ಸೀಳುವುದನ್ನು ತಡೆಯುತ್ತದೆ, ಅದು ಸುಳ್ಳಲ್ಲ. ಆದರೆ ಗುದ್ದಿಗೆ ತಲೆ ಗಿರ್ರನೆ ತಿರುಗಿದಾಗ ಒಳಗಿನ ಮಿದುಳು ಅಲುಗುವುದನ್ನು ಅದು ನಿಲ್ಲಿಸಲಾರದು. ಕೊಡಕ್ಕೆ ಎಷ್ಟು ಗೋಣಿ ಸುತ್ತಿದರೂ ಕುಲುಕಿದರೆ ನೀರು ತುಳುಕದೆ ಇದ್ದೀತೇ?

ತಮಾಷೆಯೆಂದರೆ ಮಹಿಳೆಯರಿಗೆ ಈ ವಾದ ಅನ್ವಯಿಸಿಲ್ಲ. ಟೋಕಿಯೊದಲ್ಲಿ ಕಂಚು ಗೆದ್ದ ಲವ್ಲೀನಾ ಬೊರ್ಗೊಹೈನ್ ಹೆಡ್‌ಗಾರ್ಡ್ ತೊಟ್ಟಿದ್ದರು. 2024ರ ಪ್ಯಾರಿಸ್‌ನಲ್ಲೂ ಅದೇ ರಿಂಗಿನಲ್ಲಿ ಹೆಂಗಸರಿಗೆ ಇತ್ತು, ಗಂಡಸರಿಗೆ ಇರಲಿಲ್ಲ. ಎರಡೂ ಸರಿಯಾಗಿರಲು ಹೇಗೆ ಸಾಧ್ಯವೋ ನನಗಂತೂ ಅರ್ಥವಾಗಿಲ್ಲ.

ಹೊಸದಾಗಿ ಕಲಿಯಲು ಹೋಗುವ ಮಕ್ಕಳಿಗೆ ಮೊದಲು ಬೇಕಾದದ್ದು ಕೈಪಟ್ಟಿ, ಹಲ್ಲಿನ ಅಚ್ಚಿಗೆ ಕೂರುವ ಮೌತ್‌ಗಾರ್ಡ್, ಅಭ್ಯಾಸದ ಕಾದಾಟಕ್ಕೆ (ಸ್ಪಾರಿಂಗ್) ದಪ್ಪ ಗ್ಲೌಸ್. ಇವು ಅಂಗಡಿಯಲ್ಲಿ ಸಿಗುತ್ತವೆ. ತಲೆಗೆ ಏಟು ಬಿದ್ದು ನಾಕ್‌ಔಟ್ ಆದ ಅಮೆಚೂರ್ ಬಾಕ್ಸರ್ ಕನಿಷ್ಠ 30 ದಿನ ರಿಂಗಿನಿಂದ ದೂರವಿರಬೇಕೆಂಬ ನಿಯಮ ಅಂಗಡಿಯಲ್ಲಿ ಸಿಗುವುದಿಲ್ಲ. ಸೇರಿಸುವ ಮುನ್ನ ತಂದೆತಾಯಿ ಕೋಚ್‌ನನ್ನು ಕೇಳಬೇಕಾದದ್ದು ಅದನ್ನು ಅವರು ಪಾಲಿಸುತ್ತಾರೆಯೇ ಎಂದು.