ನೀರಿಗೆ ಜಗ್ಗದ ಹಲಗೆ, ಸೊಳ್ಳೆ ಎಣ್ಣೆಗೆ ಸೋತಿತು

ಅಮೆರಿಕದ ಮಿನ್ನೆಸೋಟದಲ್ಲಿ ಮಿಸಿಸಿಪ್ಪಿ ನದಿ ಹರಡಿಕೊಂಡು ಪೆಪಿನ್ ಸರೋವರವಾಗುತ್ತದೆ. ಅದರ ದಂಡೆಯ ಲೇಕ್ ಸಿಟಿಯ ಹುಡುಗ ರಾಲ್ಫ್ ಸ್ಯಾಮುಯೆಲ್ಸನ್‌ಗೆ, ಹಿಮದ ಮೇಲೆ ಜಾರಬಹುದಾದರೆ ನೀರಿನ ಮೇಲೇಕೆ ಆಗದು ಎನ್ನಿಸಿತು. ಪೀಪಾಯಿಯ ಹಲಗೆ ಕಟ್ಟಿಕೊಂಡ, ಮುಳುಗಿದ. ಹಿಮದ ಸ್ಕೀ ಕಟ್ಟಿಕೊಂಡ, ಮತ್ತೆ ಮುಳುಗಿದ. ಕೊನೆಗೆ ಎಂಟು ಅಡಿ ಉದ್ದ, ಒಂಬತ್ತು ಅಂಗುಲ ಅಗಲದ ಎರಡು ಪೈನ್ ಹಲಗೆ ತಂದು, ಅಮ್ಮನ ತಾಮ್ರದ ಹಂಡೆಯಲ್ಲಿ ತುದಿಗಳನ್ನು ಕುದಿಸಿ ಮೇಲಕ್ಕೆ ಬಗ್ಗಿಸಿದ. 1922ರ ಜುಲೈ 2ರಂದು, ಸಹೋದರ ಬೆನ್‌ನ ದೋಣಿಗೆ ಕಟ್ಟಿದ ಹಗ್ಗ ಹಿಡಿದು ನೀರಿನ ಮೇಲೆ ನಿಂತೇಬಿಟ್ಟ. ನೀರಿನ ಸ್ಕೀಯ ಪೇಟೆಂಟ್ ಮಾತ್ರ 1925ರಲ್ಲಿ ಫ್ರೆಡ್ ವಾಲರ್ ಪಾಲಾಯಿತು. ಮುಂದೆ ಸಿನೆರಾಮಾ ಎಂಬ ಅಗಲ ಪರದೆಯ ಸಿನಿಮಾ ವಿಧಾನ ಕಂಡುಹಿಡಿದವನೂ ಇವನೇ.

ಮರದ ಸ್ಕೀ ಮಾಡುವವರ ಕಸುಬಿನಲ್ಲಿ ಬಗ್ಗಿಸುವುದಕ್ಕಿಂತ ಬಳಿಯುವುದಕ್ಕೇ ತಾಳ್ಮೆ ಬೇಕು. ಮರ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ವಾರ್ನಿಷ್ ಅದರ ಜೊತೆ ಹಿಗ್ಗಿ ಕುಗ್ಗದಿದ್ದರೆ ಬಿರುಕು ಖಚಿತ. ಹಾಗಾಗಿ ಹಡಗಿನ ಪಟಸ್ತಂಭಗಳಿಗೆ ಹಚ್ಚುವ, ಒಣಗಿದ ಮೇಲೂ ಬಾಗುವ ಗುಣವುಳ್ಳ ವಾರ್ನಿಷ್ ಇಲ್ಲಿಗೂ ಒಪ್ಪುತ್ತದೆ. ಒಂದು ಪದರ ಬಳಿದು, ಒಣಗಿಸಿ, ಉಪ್ಪುಕಾಗದದಿಂದ ಹದವಾಗಿ ತಿಕ್ಕಿ, ಮತ್ತೊಂದು ಪದರ. ಹಲಗೆಯ ತುದಿಗೂ ಸ್ಕ್ರೂ ತೂತುಗಳ ಒಳಗೋಡೆಗೂ ಎರಡು ಕೈ ಹೆಚ್ಚು. ನೀರು ಮೊದಲು ನುಗ್ಗುವುದು ಅಲ್ಲಿಂದಲೇ.

ಇಷ್ಟೆಲ್ಲ ಕಾವಲು ಸರೋವರದ ನೀರಿನ ವಿರುದ್ಧ. ಆದರೆ ಕೆಡಕು ಬರುವುದು ದೋಣಿಯಲ್ಲಿಟ್ಟ ಚೀಲದಿಂದ. ಮಿನ್ನೆಸೋಟದ ಬೇಸಿಗೆಯೆಂದರೆ ಸೊಳ್ಳೆ. ಸೊಳ್ಳೆಯೆಂದರೆ ಅದನ್ನು ದೂರವಿಡಲು ಮೈಗೆ ಹಚ್ಚುವ ಡೀಟ್. 1946ರಲ್ಲಿ ಅಮೆರಿಕದ ಸೇನೆಗಾಗಿ ತಯಾರಾಗಿ 1957ರಲ್ಲಿ ಜನಬಳಕೆಗೆ ಬಂದ ಈ ದ್ರವ ಹತ್ತಿ, ಉಣ್ಣೆ, ನೈಲಾನ್‌ಗಳ ತಂಟೆಗೆ ಹೋಗುವುದಿಲ್ಲ. ಬಣ್ಣ, ವಾರ್ನಿಷ್, ಹಲವು ಬಗೆಯ ಪ್ಲಾಸ್ಟಿಕ್‌ಗಳನ್ನು ಮಾತ್ರ ಕರಗಿಸುತ್ತದೆ. ಅದನ್ನು ಹಚ್ಚಿಕೊಂಡ ಕೈಯಲ್ಲೇ ಸ್ಕೀ ಎತ್ತಿದರೆ ಹೊಳಪಿನ ಮೇಲೆ ಬೆರಳಚ್ಚು ಕೂತುಬಿಡುತ್ತದೆ. ಸೀಸೆಯೇ ಚೆಲ್ಲಿದರೆ ಪದರ ಅಂಟಂಟಾಗಿ ಎದ್ದು ಬರುತ್ತದೆ. ಕೊರೋನಾ ಕಾಲದಲ್ಲಿ ಸ್ಯಾನಿಟೈಸರ್ ಬಿದ್ದು ನಮ್ಮ ಮನೆಗಳ ಫ್ರೆಂಚ್ ಪಾಲಿಶ್ ಮೇಜುಗಳಲ್ಲಿ ಬೆಳ್ಳನೆ ಕಲೆ ಎದ್ದದ್ದು ನೆನಪಿದ್ದವರಿಗೆ ಇದು ಅರ್ಥವಾದೀತು: ಅಲ್ಲಿ ಆಲ್ಕೋಹಾಲ್ ಪಾಲಿಶ್‌ನಲ್ಲಿದ್ದ ಅರಗನ್ನು ಕರಗಿಸಿತ್ತು.

ಪೆಟ್ರೋಲ್ ಹನಿ, ಬ್ಯಾಟರಿಯ ಆಸಿಡ್ ಕೂಡ ಇದೇ ಸಾಲಿನವು. ಎಣ್ಣೆ, ಗ್ರೀಸುಗಳು ಪಾದ ಹಿಡಿಯುವ ರಬ್ಬರನ್ನು ಉಬ್ಬಿಸುತ್ತವೆ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಶತ್ರು ಸ್ಕೀ ಒಡೆಯನ ಸ್ವಚ್ಛತೆಯ ಹುಚ್ಚು. ಹಳೆಯ ಸ್ಟಿಕರ್‌ನ ಅಂಟು ತೆಗೆಯಲು ಥಿನ್ನರ್ ಇಲ್ಲವೇ ಅಸಿಟೋನ್ ಸುರಿದು ತಿಕ್ಕುವವರು, ಅಂಟಿನ ಜೊತೆ ಹೊಳಪನ್ನೂ ಒರೆಸಿ ತೆಗೆಯುತ್ತಾರೆ. ಆಸಿಡ್ ಬಿಟ್ಟು ಬೇರೇನೇ ಚೆಲ್ಲಿದರೂ ತಕ್ಷಣ ಒಣ ಬಟ್ಟೆಯಲ್ಲಿ ಒತ್ತಿ ಹೀರಿಸಿ, ಸೌಮ್ಯ ಸೋಪುನೀರಿನಲ್ಲಿ ತೊಳೆದರೆ ಸಾಕು. ಉಜ್ಜಬಾರದು. ಒದ್ದೆಯಾಗಿಯೇ ಕಾರಿನ ಡಿಕ್ಕಿಯಲ್ಲಿ ತುಂಬಲೂಬಾರದು. ಬಿಸಿಲಿನ ಕಾವಿಗೆ ಕರಗುವ ಕೆಲಸ ಬಿರುಸಾಗುತ್ತದೆ. ಸೊಳ್ಳೆಗೆ ಪಿಕಾರಿಡಿನ್ ಇರುವ ದ್ರವ ಕೊಂಡರೆ ಈ ತಲೆನೋವೇ ಇಲ್ಲ, ಅದು ಪ್ಲಾಸ್ಟಿಕ್ಕನ್ನು ಮುಟ್ಟುವುದಿಲ್ಲ.

ಇಂದಿನ ಸ್ಕೀಗಳ ಒಳಗೆ ನೊರೆಯಂಥ ಹಗುರ ತಿರುಳು, ಸುತ್ತ ಎಪಾಕ್ಸಿಯಲ್ಲಿ ತೋಯಿಸಿದ ಕಾರ್ಬನ್ ಬಟ್ಟೆ. ಗಟ್ಟಿಯಾದ ಎಪಾಕ್ಸಿ ಸುಲಭಕ್ಕೆ ಜಗ್ಗದು, ಅದರ ಮೇಲಿನ ಚಿತ್ರ ಮತ್ತು ಪಾರದರ್ಶಕ ಲೇಪ ಅಷ್ಟು ಗಟ್ಟಿಯಲ್ಲ. ಅವು ಮಸುಕಾದರೆ ಮನೆಯಲ್ಲಿ ಸರಿಮಾಡುವುದು ಕಷ್ಟ. ಮರದ ಸ್ಕೀಯಾದರೋ, ಕೆಟ್ಟ ಜಾಗವನ್ನು ಕೆರೆದು, ಒಣಗಲು ಬಿಟ್ಟು, ಉಪ್ಪುಕಾಗದ ಆಡಿಸಿ ಮತ್ತೆ ಬಳಿಯಬಹುದು. ವೇಗದಲ್ಲಿ ಅದು ಹಿಂದೆ ಬಿದ್ದಿರಬಹುದು, ದುರಸ್ತಿಯಲ್ಲಿ ಇನ್ನೂ ಅದೇ ಮುಂದು.