ಮನಸ್ಸನ್ನು ಅಳೆಯುವ ಪಾಠ

ಹತ್ತನೆಯ ತರಗತಿಯನ್ನು ದಾಟಿದ ವಿದ್ಯಾರ್ಥಿಯು ಪದವಿಪೂರ್ವ ಶಿಕ್ಷಣದ ಎರಡು ವರ್ಷಗಳಿಗೆ ವಿಷಯಗಳನ್ನು ಆರಿಸಿಕೊಳ್ಳಬೇಕು. ಕಲಾವಿಭಾಗದ ಪಟ್ಟಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳ ಜೊತೆಗೆ ಮನಶ್ಶಾಸ್ತ್ರವೂ ಒಂದು. ಈ ಹೆಸರನ್ನು ಕೇಳಿದೊಡನೆ ಕೆಲವರು ಇದು ಪರರ ಮನಸ್ಸನ್ನು ಓದುವ ವಿದ್ಯೆಯೆಂದು ಬಗೆಯುತ್ತಾರೆ; ಇನ್ನು ಕೆಲವರು ಚಿತ್ತಚಾಂಚಲ್ಯವುಳ್ಳವರ ಚಿಕಿತ್ಸೆಯೆಂದು ತಿಳಿಯುತ್ತಾರೆ. ಎರಡೂ ಸರಿಯಲ್ಲ. ಹಾಗಾದರೆ ಈ ಶಾಸ್ತ್ರವು ಕಲಿಸುವುದೇನು?

ಮನಸ್ಸಿನ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು, ಅಲ್ಲಿ ವೇದ ವ್ಯಾಕರಣಗಳೊಡನೆ ನ್ಯಾಯ, ಸಾಂಖ್ಯ, ಯೋಗ ಮೊದಲಾದ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತೆಂದೂ ರೋಗಿಗಳಿಗೆ ಔಷಧೋಪಚಾರ ದೊರೆಯುತ್ತಿತ್ತೆಂದೂ ಹೇಳುತ್ತದೆ. ಯೋಗದರ್ಶನದ ಮುಖ್ಯ ವಿಷಯವೇ ಚಿತ್ತ. ಆದರೆ ಅಂದಿನ ಮಾರ್ಗ ಅಂತರವಲೋಕನ ಮತ್ತು ವಾದ. ಇಂದಿನ ಶಾಸ್ತ್ರದ ಮಾರ್ಗ ಪ್ರಯೋಗ ಮತ್ತು ಅಳತೆ. ಈ ಮಾರ್ಗಕ್ಕೆ ೧೮೭೯ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಸ್ಥಾಪಿಸಿದ ಪ್ರಯೋಗಶಾಲೆಯು ನಾಂದಿಯಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಭಾರತದಲ್ಲಿ ಈ ಶಾಸ್ತ್ರಕ್ಕೆ ದೊರೆತ ಮೊದಮೊದಲಿನ ನೆಲೆಗಳಲ್ಲಿ ಅದೂ ಒಂದು.

ಮನಸ್ಸು ಕಣ್ಣಿಗೆ ಕಾಣದು. ಅದನ್ನು ಅಳೆಯುವುದು ಹೇಗೆ? ಒಂದು ಸರಳ ಪ್ರಯೋಗವನ್ನು ನೋಡೋಣ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಚೀಲಗಳಲ್ಲಿ ನಾನೂರು ನಾನೂರು ಗ್ರಾಂ ಮರಳನ್ನು ತುಂಬಿರಿ. ಒಂದಕ್ಕೆ ಸ್ವಲ್ಪ ಸ್ವಲ್ಪವೇ ಮರಳನ್ನು ಸೇರಿಸುತ್ತ, ಯಾವುದು ಭಾರವೆಂದು ಗೆಳೆಯನನ್ನು ಕೇಳುತ್ತ ಹೋಗಿರಿ. ಹೆಚ್ಚಿದ ತೂಕ ಸುಮಾರು ೧೦ ಗ್ರಾಂ ಆಗುವವರೆಗೆ ಅವನಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ನಾಲ್ಕು ಕಿಲೋಗ್ರಾಂ ಚೀಲಗಳಾದರೆ ಸುಮಾರು ೧೦೦ ಗ್ರಾಂ ಬೇಕಾಗುತ್ತದೆ. ಅಡಕೆಯ ಮೂಟೆಗೆ ಒಂದು ಹಿಡಿ ಅಡಕೆ ಹೆಚ್ಚು ಬಿದ್ದರೆ ಹೊರುವವನಿಗೆ ತಿಳಿಯದಿರುವುದು ಇದರಿಂದಲೇ. ಎತ್ತುವ ಭಾರದ ನಲವತ್ತರಲ್ಲಿ ಒಂದು ಪಾಲಿನಷ್ಟಾದರೂ ಹೆಚ್ಚಾದರೆ ಮಾತ್ರ ನಮಗೆ ಅರಿವಾಗುವುದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವೇಬರ್ ಕಂಡುಕೊಂಡನು. ಅನುಭವವೂ ಲೆಕ್ಕಕ್ಕೆ ಸಿಕ್ಕಿತು!

ಕೈಕೌಶಲವನ್ನೂ ಹೀಗೆಯೇ ಪರೀಕ್ಷಿಸಬಹುದು. ಸೊರಬದ ಗುಡಿಗಾರರು ಗಂಧದ ಮರದಲ್ಲಿ ಕೊರೆಯುವ ಸೂಕ್ಷ್ಮ ಕೆತ್ತನೆ ಪ್ರಸಿದ್ಧವಾಗಿದೆ. ಇಂಥ ಕೌಶಲ ಕೈಯಲ್ಲಿದೆಯೋ, ಮಿದುಳಿನಲ್ಲಿದೆಯೋ? ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಚಿತ್ರವೊಂದರ ಗೆರೆಯ ಮೇಲೆ ಪೆನ್ಸಿಲ್ ಎಳೆಯುವುದು ಮೊದಲು ಬಹಳ ಪ್ರಯಾಸಕರ. ಬಲಗೈಯಿಂದ ಹಲವು ಬಾರಿ ಅಭ್ಯಾಸ ಮಾಡಿದ ಮೇಲೆ ಎಡಗೈಯಿಂದ ಯತ್ನಿಸಿದರೆ, ಅಭ್ಯಾಸವೇ ಇಲ್ಲದ ಆ ಕೈಯೂ ಮೊದಲಿಗಿಂತ ಬೇಗನೆ, ಕಡಿಮೆ ತಪ್ಪುಗಳಿಂದ ಎಳೆಯುತ್ತದೆ. ಕಲಿಕೆಯ ಒಂದು ಭಾಗವಾದರೂ ಕೈಯಲ್ಲಿಲ್ಲ, ಕೈಯನ್ನು ಆಳುವ ಮಿದುಳಿನಲ್ಲಿದೆ ಎಂಬುದಕ್ಕೆ ಇದು ಸಾಕ್ಷಿ.

ವಿದ್ಯಾರ್ಥಿಗೆ ಅತ್ಯಂತ ಉಪಯುಕ್ತವಾದುದು ನೆನಪಿನ ಪ್ರಯೋಗ. ಜರ್ಮನಿಯ ಎಬ್ಬಿಂಗ್‌ಹೌಸನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು, ಫಲಿತಾಂಶಗಳನ್ನು ೧೮೮೫ರಲ್ಲಿ ಪ್ರಕಟಿಸಿದನು. ಕಲಿತುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಗಂಟೆಯೊಳಗೆ ಜಾರಿಹೋಗುತ್ತಿತ್ತು. ಆಮೇಲೆ ಮರೆವು ನಿಧಾನವಾಗುತ್ತಿತ್ತು. ಇನ್ನೊಂದು ಸಂಗತಿಯೂ ಅವನಿಗೆ ಕಂಡಿತು. ಹನ್ನೆರಡು ಪುಂಜಗಳ ಒಂದು ಸಾಲನ್ನು ಒಂದೇ ದಿನ ೬೮ ಸಲ ಓದಿ ಪಡೆದ ಫಲವನ್ನು, ಮೂರು ದಿನಗಳಿಗೆ ಹಂಚಿಕೊಂಡು ೩೮ ಸಲ ಓದಿಯೇ ಪಡೆಯಬಹುದಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರು ಈ ಎರಡು ಸಂಖ್ಯೆಗಳನ್ನು ಮನನ ಮಾಡಬೇಕು.

ಈ ಪ್ರಯೋಗಗಳಿಗೆ ಬೇಕಾದುದೇನು? ಗಡಿಯಾರ, ಕಾಗದ, ಕನ್ನಡಿ, ತಕ್ಕಡಿ, ತಾಳ್ಮೆ. ಆದುದರಿಂದ ಸಣ್ಣ ಊರಿನ ಕಾಲೇಜಿಗೂ ಇದು ಎಟುಕದ ವಿಷಯವಲ್ಲ. ಆದರೆ ಎಲ್ಲ ಕಾಲೇಜುಗಳೂ ಇದನ್ನು ಬೋಧಿಸುವುದಿಲ್ಲ. ಸೇರುವ ಮೊದಲೇ ಅಧ್ಯಾಪಕರಿದ್ದಾರೆಯೇ, ಪ್ರಯೋಗಗಳನ್ನು ನಡೆಸುತ್ತಾರೆಯೇ ಎಂದು ವಿಚಾರಿಸಿಕೊಳ್ಳಬೇಕು. ಊರಿನಲ್ಲಿ ಇದು ದೊರೆಯದಿದ್ದರೂ ನಿರಾಶರಾಗಬೇಕಾಗಿಲ್ಲ; ಸಾಮಾನ್ಯವಾಗಿ ಪದವಿ ತರಗತಿಯಲ್ಲಿ ಇದನ್ನು ಹೊಸದಾಗಿಯೂ ಆರಂಭಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ಎರಡು ವರ್ಷ ಮನಶ್ಶಾಸ್ತ್ರ ಓದಿದವನು ಚಿಕಿತ್ಸಕನಾಗುವುದಿಲ್ಲ. ಮನೋವೈದ್ಯನು ಮೊದಲು ವೈದ್ಯಶಾಸ್ತ್ರವನ್ನೇ ಓದಿರಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞನಾಗಲು ಪದವಿಯ ನಂತರವೂ ವಿಶೇಷ ಶಿಕ್ಷಣ ಬೇಕು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಂಸ್ಥೆಯು ೧೯೭೪ರಿಂದ ನಿಮ್ಹಾನ್ಸ್ ಎಂಬ ಹೆಸರಿನಲ್ಲಿ ಇಂಥ ಶಿಕ್ಷಣವನ್ನು ನೀಡುತ್ತಿದೆ. ಸಹಪಾಠಿಯೊಬ್ಬನು ಊಟ, ನಿದ್ದೆ, ಮಾತುಗಳನ್ನು ಬಿಟ್ಟು ಕುಳಿತರೆ ಅವನಿಗೆ ಪುಸ್ತಕದ ರೋಗನಾಮ ಅಂಟಿಸುವುದು ವಿದ್ಯೆಯಲ್ಲ. ಹಿರಿಯರಿಗೆ ತಿಳಿಸಿ ವೈದ್ಯರಲ್ಲಿಗೆ ಕರೆದೊಯ್ಯುವುದು ವಿದ್ಯೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯನ್ನು ೧೪೪೧೬ರಲ್ಲಿ ಯಾರು ಬೇಕಾದರೂ ಕರೆಯಬಹುದು.

ಮನಸ್ಸಿನ ವಿಷಯದಲ್ಲಿ ಎಲ್ಲರಿಗೂ ಅಭಿಪ್ರಾಯವಿದೆ. ಹುಡುಗಿಯರಿಗೆ ಗಣಿತ ಹತ್ತದು, ಹಳ್ಳಿಯ ಮಕ್ಕಳ ಬುದ್ಧಿ ಮಂದ, ಪೆಟ್ಟಿಲ್ಲದೆ ವಿದ್ಯೆ ಬಾರದು ಎಂಬ ಮಾತುಗಳನ್ನು ನಾವೆಲ್ಲ ಕೇಳಿದ್ದೇವೆ. ಇಂಥ ಮಾತು ಕಿವಿಗೆ ಬಿದ್ದಾಗ, 'ಇದನ್ನು ಅಳೆದು ನೋಡಿದವರು ಯಾರು? ಹೇಗೆ ಅಳೆದರು?' ಎಂದು ಕೇಳುವ ಅಭ್ಯಾಸವನ್ನು ಹದಿನಾರು ಹದಿನೇಳರ ವಯಸ್ಸಿನಲ್ಲಿಯೇ ಮೂಡಿಸುವುದು ಈ ಪಾಠದ ನಿಜವಾದ ಫಲ. ಮುಂದೆ ಅವನು ಅಧ್ಯಾಪಕನಾಗಲಿ, ಅವಳು ಕೃಷಿಕಳಾಗಲಿ, ಈ ಅಭ್ಯಾಸ ವ್ಯರ್ಥವಾಗದು.