ತುಘಲಕನ ಹೋರಾಟ ಯಾರೊಡನೆ?

ನಾಟಕವೆಂದರೆ ಮಕ್ಕಳ ಕಣ್ಣೆದುರು ಬರುವುದು ಕತ್ತಿವರಸೆ. ನಾಯಕ ಒಂದು ಕಡೆ, ಖಳನಾಯಕ ಇನ್ನೊಂದು ಕಡೆ. ಕೊನೆಗೆ ಒಳ್ಳೆಯವನ ಗೆಲುವು. ಆದರೆ ನಾಯಕನ ಹೋರಾಟ ಹೊರಗಿನ ಶತ್ರುವಿನೊಡನೆಯೇ ನಡೆಯಬೇಕೆಂದಿಲ್ಲ. ಗಿರೀಶ ಕಾರ್ನಾಡರ ‘ತುಘಲಕ್’ ಇದಕ್ಕೆ ಉತ್ತಮ ನಿದರ್ಶನ.

1964ರಲ್ಲಿ ಪ್ರಕಟವಾದ ಈ ನಾಟಕದಲ್ಲಿ 13 ದೃಶ್ಯಗಳಿವೆ. ಕತೆ ಆರಂಭವಾಗುವುದು 1327ರ ದೆಹಲಿಯಲ್ಲಿ. ಹಿಂದೂ ಮುಸ್ಲಿಮರೆನ್ನದೆ ಎಲ್ಲರಿಗೂ ಸಮಾನ ನ್ಯಾಯ ಸಿಗಬೇಕೆಂಬುದು ಸುಲ್ತಾನ ಮಹಮ್ಮದನ ಕನಸು. ತನ್ನ ವಿರುದ್ಧವೇ ದಾವೆ ಹೂಡಿದ ಬ್ರಾಹ್ಮಣನೊಬ್ಬ ಗೆದ್ದಾಗ ಆತ ತೀರ್ಪಿಗೆ ತಲೆಬಾಗುತ್ತಾನೆ. ಆದರೆ ಆ ಬ್ರಾಹ್ಮಣ ವೇಷ ಹಾಕಿದ ಅಜೀಜ್ ಎಂಬ ವಂಚಕ! ಸುಲ್ತಾನನ ಒಳ್ಳೆಯತನವೇ ಮೋಸಕ್ಕೆ ದಾರಿಯಾಯಿತು. ನಾಟಕದ ಬೀಜ ಇಲ್ಲಿದೆ.

ಮುಂದಿನ ಪ್ರತಿ ಹೆಜ್ಜೆಯೂ ಹೀಗೆಯೇ. ರಾಜಧಾನಿ ದೌಲತಾಬಾದಿಗೆ ಹೊರಟಾಗ ದಾರಿಯಲ್ಲಿ ಜನ ಸಾಯುತ್ತಾರೆ. ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯಗಳು ತುಂಬಿಕೊಳ್ಳುತ್ತವೆ. ಕನಸನ್ನು ಉಳಿಸಿಕೊಳ್ಳಲು ಸುಲ್ತಾನ ಹಿಂಸೆಗಿಳಿಯುತ್ತಾನೆ. ಪ್ರಾರ್ಥನೆಯ ಹೊತ್ತಿನಲ್ಲಿ ತನ್ನನ್ನು ಕೊಲ್ಲಲು ಸಂಚು ಹೂಡಿದ ಶಿಹಾಬುದ್ದೀನನನ್ನು ತಾನೇ ಇರಿದು ಕೊಂದು, ಬಳಿಕ ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಪ್ರೀತಿಯ ಮಲತಾಯಿಗೂ ಮರಣದಂಡನೆ ವಿಧಿಸುತ್ತಾನೆ. ಕೊನೆಗೆ ಇತಿಹಾಸಕಾರ ಬರನಿಯೂ ಅವನನ್ನು ಬಿಟ್ಟು ಹೋಗುತ್ತಾನೆ.

ಸುಲ್ತಾನ ಬರಿಯ ಕ್ರೂರಿಯಾಗಿದ್ದರೆ ಒಂದೆರಡು ದೃಶ್ಯಗಳಲ್ಲೇ ಪ್ರೇಕ್ಷಕರ ಕುತೂಹಲ ತಣಿಯುತ್ತಿತ್ತು. ಅವನ ಆಸೆ ದೊಡ್ಡದು. ಅವನು ಹಿಡಿದ ದಾರಿ ಆ ಆಸೆಯನ್ನೇ ಕೊಲ್ಲುವಂಥದು. ಈ ತಿಕ್ಕಾಟವೇ ಒಂದು ದೃಶ್ಯವನ್ನು ಇನ್ನೊಂದಕ್ಕೆ ಹೆಣೆಯುತ್ತದೆ. ಆತ ಗೆಲ್ಲಲಿ ಎಂದು ಹಾರೈಸುತ್ತಲೇ ಪ್ರೇಕ್ಷಕರು ಅವನ ಪತನಕ್ಕೆ ಸಾಕ್ಷಿಯಾಗುತ್ತಾರೆ.

ಯಾವ ನಾಟಕವನ್ನು ಓದುವಾಗಲೂ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ನಾಯಕನಿಗೆ ಬೇಕಾದದ್ದೇನು? ಅಡ್ಡಿ ಹೊರಗಿನದೋ, ಒಳಗಿನದೋ? ಅದಕ್ಕಾಗಿ ಅವನು ತೆತ್ತ ಬೆಲೆಯೇನು? ಉತ್ತರ ಸಿಕ್ಕರೆ ಕಥಾಸಾರವನ್ನು ಬಾಯಿಪಾಠ ಮಾಡಬೇಕಾಗುವುದಿಲ್ಲ. ಮನೆಯಲ್ಲಿ ಮಕ್ಕಳು ಕತೆ ಹೇಳಿದಾಗ ಹೆತ್ತವರೂ ‘ಯಾರು ಗೆದ್ದರು?’ ಎಂದಷ್ಟೇ ಕೇಳದೆ ‘ಗೆಲ್ಲಲು ಏನು ಕಳೆದುಕೊಂಡ?’ ಎಂದು ಕೇಳಲಿ.

ಕೊನೆಯ ದೃಶ್ಯದಲ್ಲಿ ಅದೇ ಅಜೀಜ್ ಸುಲ್ತಾನನೆದುರು ಸಿಕ್ಕಿಬೀಳುತ್ತಾನೆ. ಕೊಲೆಯನ್ನೂ ಮಾಡಿರುವ ಆ ವಂಚಕನಿಗೆ ಸುಲ್ತಾನ ಶಿಕ್ಷೆಯ ಬದಲು ಹುದ್ದೆ ಕೊಡುತ್ತಾನೆ. ನ್ಯಾಯಕ್ಕಾಗಿ ಹೊರಟವನ ಕೈಯಲ್ಲಿ ಕಡೆಗೆ ನ್ಯಾಯವೇ ಉಳಿಯಲಿಲ್ಲ.